ಆ ಬಾಗಿಲಿಗೆ ಎಷ್ಟು ಕೀಲಿ?

ಸಂಜೆ ಮನೆಗೆ ಬಂದಾಗ ಕುರ್ಚಿ ನೀವು ಬಿಟ್ಟುಹೋದ ಜಾಗದಲ್ಲಿ ಇಲ್ಲ ಎಂದು ನಿಮಗೆ ಎಂದಾದರೂ ಅನ್ನಿಸಿದೆಯೇ? "ಬೆಳಿಗ್ಗೆ ಅವಸರದಲ್ಲಿ ನಾನೇ ಎಳೆದಿರಬೇಕು" ಎಂದು ಸುಮ್ಮನಾಗಿದ್ದೀರಾ? ಹಾಗಿದ್ದರೆ ಈ ಕಥೆ ನಿಮಗೇ.

ನಾಲ್ಕು ಮಹಡಿಯ ಒಂದು ಅಪಾರ್ಟ್‌ಮೆಂಟು. ಮಹಡಿಗೆ ಮೂರು ಮನೆ, ಎರಡು ಕಡೆ ಮೆಟ್ಟಿಲು. ಲಿಫ್ಟ್ ಇತ್ತು, ಆದರೆ ಅದು ಓಡಿದ್ದಕ್ಕಿಂತ ಕೆಟ್ಟು ನಿಂತದ್ದೇ ಹೆಚ್ಚು. ಮೂರನೇ ಮಹಡಿಯ ಮೂಲೆ ಮನೆಗೆ ಆರು ತಿಂಗಳ ಹಿಂದೆ ಒಂದು ಸಂಸಾರ ಬಾಡಿಗೆಗೆ ಬಂತು. ಗಂಡ ಬಸ್ ಡ್ರೈವರ್. ಹೆಂಡತಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಆಕೆಯ ಕಣ್ಣಿಗೆ ಬೀಳುತ್ತಿತ್ತು. ಒಬ್ಬಳೇ ಮಗಳು, ಒಂಬತ್ತು ವರ್ಷ. ಬಾಯಿಗೆ ಬಿಡುವೇ ಇಲ್ಲದ ಆ ಹುಡುಗಿಯನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಶಾಲೆಯಿಂದ ಗುಬ್ಬಿ ಬರುವುದು ಮೂರೂವರೆಗೆ, ಅಮ್ಮ ಬರುವುದು ಐದಕ್ಕೆ. ನಡುವಿನ ಒಂದೂವರೆ ಗಂಟೆ ಮಗು ಮನೆಯಲ್ಲಿ ಒಬ್ಬಳೇ.

ಮೊದಲು ಕಂಡದ್ದು ಒಂದು ಲೋಟ. ಬೆಳಿಗ್ಗೆ ಎಲ್ಲ ತೊಳೆದು ಒರೆಸಿ ಕಪಾಟಿನೊಳಗೆ ಇಟ್ಟು ಹೋಗುವುದು ಆಕೆಯ ರೂಢಿ. ಒಂದು ಸಂಜೆ ನೋಡಿದರೆ ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ ಒಂದು ಲೋಟ ಬೋರಲಾಗಿತ್ತು. ಅದರ ಅಂಚಿನಲ್ಲಿ ಇನ್ನೂ ನೀರಿನ ಹನಿ.

"ಗುಬ್ಬಿ, ನೀರು ಕುಡಿದ್ಯಾ?"

"ಇಲ್ಲಮ್ಮ, ನನ್ನ ಬಾಟಲಿ ಇನ್ನೂ ಖಾಲಿಯಾಗಿಲ್ಲ."

ಮುಂದಿನ ವಾರ ಬಚ್ಚಲಿನ ಟವೆಲು ನಾಲ್ಕು ಮಡಿಕೆಯಾಗಿತ್ತು. ಆ ಮನೆಯಲ್ಲಿ ಟವೆಲು ಮಡಚುವ ಅಭ್ಯಾಸ ಯಾರಿಗೂ ಇರಲಿಲ್ಲ. ಆಮೇಲೆ ಕಿಟಕಿಯ ಕುಂಡದ ಗಿಡಕ್ಕೆ ಯಾರೋ ನೀರು ಹಾಕಿದ್ದರು. ಮಣ್ಣು ಮುಟ್ಟಿದರೆ ತಣ್ಣಗೆ, ಒದ್ದೆ.

ರಾತ್ರಿ ಊಟಕ್ಕೆ ಕೂತಾಗ ಆಕೆ ಗಂಡನಿಗೆ ಹೇಳಿದಳು. ಅವನು ನಕ್ಕುಬಿಟ್ಟ.

"ಕಳ್ಳ ಬಂದು ಟವೆಲು ಮಡಚಿಟ್ಟು, ಗಿಡಕ್ಕೆ ನೀರು ಹಾಕಿ ಹೋದ್ನಾ? ಅಂಥ ಕಳ್ಳ ಸಿಕ್ಕಿದ್ರೆ ಹೇಳೇ, ಪಾತ್ರೆ ತೊಳೆಯೋಕೂ ಇಟ್ಕೊಳ್ಳೋಣ."

"ತಮಾಷೆ ಮಾಡ್ಬೇಡಿ ರೀ. ನನಗೆ ನಿಜವಾಗ್ಲೂ ಭಯ ಆಗ್ತಿದೆ."

"ಇಡೀ ದಿನ ಗಾಜು ನೋಡಿ ನೋಡಿ ನಿನ್ನ ಕಣ್ಣು ದಣಿದಿದೆ ಕಣೇ. ಏನಾದ್ರೂ ಹೋಗಿದ್ಯಾ? ಇಲ್ವಲ್ಲ. ಹೋಗದೆ ಇರೋದಕ್ಕೆ ಯಾಕೆ ಹುಡುಕಾಟ?"

ಏನೂ ಹೋಗಿರಲಿಲ್ಲ, ಅದು ನಿಜವೇ. ಆದರೆ ಏನೂ ಹೋಗದಿದ್ದುದೇ ಆಕೆಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು. ಕದಿಯಲು ಬಂದವನು ಕದ್ದು ಹೋಗುತ್ತಾನೆ. ಕದಿಯದವನು ಯಾತಕ್ಕೆ ಬರುತ್ತಾನೆ?

ಅದೇ ವಾರ ಶುಕ್ರವಾರ ಗೋಡೆಗೂಡಿನಲ್ಲಿದ್ದ ಮನೆಯವರ ಫೋಟೋ ಮುಖ ಕೆಳಗಾಗಿ ಮಲಗಿತ್ತು. ಗಾಳಿಗೆ ಬಿದ್ದಿರಬೇಕೆಂದ ಗಂಡ. ಕಿಟಕಿಗಳೆಲ್ಲ ಮುಚ್ಚಿದ್ದವು. ಆಕೆ ಅದನ್ನು ಎತ್ತಿ ನಿಲ್ಲಿಸಿದಳು. ಮಲಗುವಾಗ ಗಂಡನ ದಿಂಬಿನಲ್ಲಿ ತಲೆಗೆಣ್ಣೆಯ ಘಾಟು ಬಂತು. ಅವನು ತಲೆಗೆ ಎಣ್ಣೆ ಮುಟ್ಟಿಸದೆ ವರ್ಷಗಳೇ ಆಗಿದ್ದವು.

ಆಕೆ ದಿಂಬಿನ ಚೀಲ ಬದಲಿಸಿದಳು. ಮುಂದಿನ ಶುಕ್ರವಾರ ಫೋಟೋ ಮತ್ತೆ ಬೋರಲಾಗಿತ್ತು.

ಅದಾದ ಮಂಗಳವಾರ ಅಂಗಡಿಯಲ್ಲಿ ಗಾಜು ಉಜ್ಜುವ ಯಂತ್ರ ಕೆಟ್ಟಿತು. ಮಾಲೀಕರು ಹನ್ನೆರಡಕ್ಕೇ ಮನೆಗೆ ಕಳುಹಿಸಿದರು. ಲಿಫ್ಟ್ ಎಂದಿನಂತೆ ಕೆಟ್ಟಿತ್ತು. ಆಕೆ ಮೆಟ್ಟಿಲು ಹತ್ತಿ ಬಂದು, ಬೀಗಕ್ಕೆ ಕೀಲಿ ಹಾಕಿ ತಿರುಗಿಸಿದಳು. ಬೀಗ ತೆರೆಯಿತು. ಬಾಗಿಲು ತೆರೆಯಲಿಲ್ಲ. ಭುಜ ಕೊಟ್ಟು ತಳ್ಳಿದಳು. ಬಾಗಿಲು ಅಲುಗಲಿಲ್ಲ. ಒಳಗಿನಿಂದ ಚಿಲಕ ಹಾಕಿತ್ತು.

ಗಂಡ ಬಸ್ಸಿನಲ್ಲಿ, ಮಗಳು ಶಾಲೆಯಲ್ಲಿ. ಖಾಲಿ ಮನೆ ತಾನಾಗಿ ಚಿಲಕ ಹಾಕಿಕೊಳ್ಳುತ್ತದೆಯೇ?

ಆಗ ಒಳಗೆ ಚಪ್ಪಲಿ ಎಳೆದು ನಡೆಯುವ ಸದ್ದು ಕೇಳಿಸಿತು. ನಿಧಾನವಾದ ಹೆಜ್ಜೆ. ಹೆಜ್ಜೆ ಬಾಗಿಲ ಹತ್ತಿರ ಬಂದು ನಿಂತಿತು. ಆಕೆಯ ಸ್ವಂತ ಮನೆಯೊಳಗಿನಿಂದ ಒಂದು ದನಿ ಕೇಳಿತು:

"ಯಾರದು?"

ಆಕೆ ಒಂದು ಹೆಜ್ಜೆ ಹಿಂದೆ ಸರಿದಳು.

"ಯಾರು ಬೇಕಿತ್ತಮ್ಮ? ಮನೇಲಿ ಗಂಡಸರಿಲ್ಲ. ಸಂಜೆ ಬನ್ನಿ" ಎಂದಿತು ಆ ದನಿ.

ಆಕೆ ಅಲ್ಲಿ ನಿಲ್ಲಲಿಲ್ಲ. ಮೂರು ಮಹಡಿ ಒಂದೇ ಉಸಿರಿಗೆ ಇಳಿದು ವಾಚ್‌ಮನ್ನನ್ನು ಕರೆತಂದಳು. ವಾಚ್‌ಮನ್ ಬಾಗಿಲು ತಟ್ಟಿದ. ಚಿಲಕ ಸರಿಯಿತು. ಎದುರಿಗೆ ಬೆಳ್ಳಗಿನ ತಲೆಯ, ಬಾಗಿದ ಬೆನ್ನಿನ ಒಬ್ಬ ಅಜ್ಜಿ ನಿಂತಿದ್ದರು. ಕೈಯಲ್ಲಿ ನಾಲ್ಕು ಮಡಿಕೆಯ ಟವೆಲು.

"ಅಯ್ಯೋ, ಇವರಾ!" ಎಂದ ವಾಚ್‌ಮನ್. "ಮೂರನೇ ಮಹಡಿ ಅಜ್ಜಿ. ಇಪ್ಪತ್ತೆರಡು ವರ್ಷ ಇದೇ ಮನೇಲಿ ಇದ್ರಮ್ಮ. ಗೊತ್ತಿರೋ ಮುಖ ಅಂತ ನಾನು ಗೇಟಲ್ಲಿ ತಡೀತಾನೇ ಇರ್ಲಿಲ್ಲ."

ಅಜ್ಜಿಗೆ ಮರೆವು. ಎರಡು ವರ್ಷದ ಹಿಂದೆ ಮಗಳ ಮನೆಗೆ ಹೋಗಿದ್ದರು. ಮಂಗಳವಾರ ಮಂಗಳವಾರ ಮಗಳು ಅವರನ್ನು ಪಕ್ಕದ ಬೀದಿಯ ಆಸ್ಪತ್ರೆಗೆ ಕಾಲಿನ ವ್ಯಾಯಾಮಕ್ಕೆ ಬಿಟ್ಟು ಹೋಗುತ್ತಿದ್ದಳು. ವ್ಯಾಯಾಮ ಮುಗಿದ ಮೇಲೆ ಅಜ್ಜಿಯ ಕಾಲು ತಾನಾಗಿ ಹಳೆಯ ಮನೆಯ ದಾರಿ ಹಿಡಿಯುತ್ತಿತ್ತು. ಮಗಳು ಕರೆದೊಯ್ಯಲು ಬರುವ ಹೊತ್ತಿಗೆ ಮತ್ತೆ ಆಸ್ಪತ್ರೆಯಲ್ಲಿರುತ್ತಿದ್ದರು. ಹಳೆಯ ಕೀಲಿ ಇನ್ನೂ ಅವರ ಕೈಚೀಲದಲ್ಲೇ ಇತ್ತು. ಆ ಕೀಲಿಗೆ ಈ ಬೀಗ ಇನ್ನೂ ಸಲೀಸಾಗಿ ತೆರೆಯುತ್ತಿತ್ತು.

ವಾಚ್‌ಮನ್ ಫೋನ್ ಮಾಡುತ್ತಲೇ ಅಜ್ಜಿಯ ಮಗಳು ಓಡಿಬಂದಳು. ನಾಚಿಕೆಯಿಂದ ಅವಳ ಕಣ್ಣು ತುಂಬಿತ್ತು. "ತಪ್ಪಾಯ್ತು, ಕ್ಷಮಿಸಿ" ಎಂದು ಕೀಲಿ ಒಪ್ಪಿಸಿದಳು. ಗುಬ್ಬಿಯ ಅಮ್ಮ ಅಜ್ಜಿಯ ಕೈ ಹಿಡಿದು ಮೆಟ್ಟಿಲ ತನಕ ನಡೆಸಿಕೊಂಡು ಹೋದಳು. ಹೋಗುವಾಗ ಮೆತ್ತಗೆ ಕೇಳಿದಳು:

"ಅಜ್ಜಿ, ಆ ಫೋಟೋನ ಯಾಕೆ ಬೋರಲು ಹಾಕ್ತಿದ್ರಿ?"

"ಫೋಟೋನಾ? ನಾನ್ಯಾಕಮ್ಮ ಮುಟ್ಲಿ? ಮಗು ಎಷ್ಟು ಮುದ್ದಾಗಿ ನಗ್ತಿದೆ ಅದ್ರಲ್ಲಿ." ಅಜ್ಜಿ ಒಂದು ಮೆಟ್ಟಿಲು ಇಳಿದು ನಿಂತರು. "ನಿಮ್ಮ ಯಜಮಾನ್ರಿಗೆ ಹುಷಾರಿಲ್ವಾ? ಪಾಪ, ಹೋದ್ಸಲ ಬಂದಾಗ ಮಧ್ಯಾಹ್ನವೇ ಮಲಗಿದ್ರು. ಗೋಡೆ ಕಡೆ ಮುಖ ಮಾಡ್ಕೊಂಡು. ನಾನು ಎಬ್ಬಿಸ್ಲಿಲ್ಲ. ಹೊದಿಕೆ ಹೊದಿಸಿ ಬಂದೆ."

ಹಿಂದಿನ ಮಂಗಳವಾರ ಗುಬ್ಬಿಯ ಅಪ್ಪ ಬೆಳಿಗ್ಗೆ ಆರರಿಂದ ಸಂಜೆ ನಾಲ್ಕರವರೆಗೆ ಬಸ್ ಓಡಿಸುತ್ತಿದ್ದ.

ಸಂಜೆ ಇದನ್ನೆಲ್ಲ ಕೇಳಿದ ಮೇಲೂ ಅವನು ಕೈ ಕೊಡವಿದ. "ಗುಟ್ಟು ರಟ್ಟಾಯ್ತಲ್ಲ, ಬಿಡು. ಕೀಲಿ ವಾಪಸ್ ಬಂತು. ಅಜ್ಜಿ ಇನ್ನು ಬರಲ್ಲ."

"ಮಲಗಿದ್ದವನು?"

"ಮರೆವಿನ ಅಜ್ಜಿ ಕಣೇ. ಸತ್ತ ಗಂಡನ್ನ ನೆನಸ್ಕೊಂಡು ಏನೋ ಹೇಳಿರ್ತಾರೆ."

"ಅಜ್ಜಿ ಬರೋದು ಮಂಗಳವಾರ ಮಾತ್ರ. ಫೋಟೋ ಬಿದ್ದಿದ್ದು ಎರಡೂ ಸಲ ಶುಕ್ರವಾರ. ನಿಮ್ಮ ದಿಂಬಿನ ಎಣ್ಣೆ ವಾಸನೆ ಯಾರದು ರೀ?"

ಅವನು ತುತ್ತು ಎತ್ತಿದವನು ಹಾಗೇ ತಟ್ಟೆಗೆ ಇಳಿಸಿದ. ಆದರೂ ಗಂಡಸಿನ ಹಟ. "ನಾಳೆ ನೋಡೋಣ" ಎಂದು ಎದ್ದುಹೋದ.

ಅವನು ನೋಡಲೆಂದು ಆಕೆ ಕಾಯಲಿಲ್ಲ. ಬೆಳಿಗ್ಗೆ ಮೊದಲು ಪೊಲೀಸ್ ಠಾಣೆಗೆ ಹೋಗಿ ನಡೆದದ್ದನ್ನೆಲ್ಲ ಬರೆದುಕೊಟ್ಟಳು. ಅಲ್ಲಿಂದ ನೇರವಾಗಿ ಮಾರ್ಕೆಟ್ಟಿನ ಮೂಲೆಗೆ ಹೋದಳು. ಅಲ್ಲಿ ಒಂದು ಪುಟ್ಟ ಗೂಡಂಗಡಿಯಲ್ಲಿ ಕೀಲಿ ಮಾಡುವ ಹೆಂಗಸೊಬ್ಬರಿದ್ದರು. ಅಪ್ಪನಿಂದ ಕಲಿತ ಕಸುಬು, ಮೂವತ್ತು ವರ್ಷದ ಕೈ. ಊರಿಗೆಲ್ಲ ಅವರು ಬೀಗದಕ್ಕ.

ಬೀಗದಕ್ಕ ಚೀಲ ಹೆಗಲಿಗೇರಿಸಿ ಆಕೆಯ ಜೊತೆಗೇ ಬಂದರು. ಅಂದು ಡ್ರೈವರಿಗೆ ರಜೆ. ಬಾಗಿಲಲ್ಲೇ ನಿಂತಿದ್ದ. ಬೀಗದಕ್ಕ ಬೀಗವನ್ನು ನೋಡಲಿಲ್ಲ. ಮೊದಲು ಚಪ್ಪಲಿಗೂಡಿನ ಕೆಳಗೆ ಕೈ ಆಡಿಸಿದರು. ಆಮೇಲೆ ಕರೆಂಟ್ ಮೀಟರಿನ ಪೆಟ್ಟಿಗೆ ತೆರೆದರು. ಅದರ ಹಿಂದೆ ಮೊಳೆಗೆ ನೇತುಹಾಕಿದ್ದ ಕೀಲಿಯನ್ನು ತೆಗೆದು ಅವನ ಅಂಗೈಯಲ್ಲಿಟ್ಟರು.

"ಇದ್ಯಾರು ಇಟ್ಟಿದ್ದು ಅಣ್ಣಾ?"

"ನಾನೇ. ಮಗಳು ಕೀ ಮರೆತರೆ ಇರ್ಲಿ ಅಂತ."

"ನನಗೆ ಅರ್ಧ ನಿಮಿಷ ಹಿಡೀತು. ಕಸುಬುದಾರ ಕಳ್ಳನಿಗೆ ಅಷ್ಟೂ ಬೇಕಾಗಿಲ್ಲ. ಸರಿ, ಈಗ ಮನೆ ಮಾಲೀಕರಿಗೆ ಫೋನ್ ಹಚ್ಚಿ. ಈ ಬೀಗಕ್ಕೆ ಎಷ್ಟು ಕೀಲಿ ಇವೆ ಅಂತ ಕೇಳಿ."

ಫೋನಿನಲ್ಲಿ ಮಾಲೀಕರು ಲೆಕ್ಕ ಹಾಕತೊಡಗಿದರು. ಅಜ್ಜಿಯ ಮನೆಯವರಿಗೆ ಮೂರು. ಅವರಾದ ಮೇಲೆ ಎರಡು ಸಂಸಾರ, ಅವರಿಗೆ ಎರಡೆರಡು. ನಡುವೆ ಬಣ್ಣ ಹೊಡೆಯುವವರಿಗೆ ಒಂದು, ನಲ್ಲಿ ರಿಪೇರಿಯವನಿಗೆ ಒಂದು, ಮನೆ ತೋರಿಸಲು ಬ್ರೋಕರಿಗೆ ಒಂದು.

"ಎಲ್ಲರೂ ವಾಪಸ್ ಕೊಟ್ಟಿದ್ದಾರಾ ಸಾರ್?" ಎಂದ ಡ್ರೈವರ್.

"ಕೆಲವರು ಕೊಟ್ರು. ಕೆಲವರು ಕಳೆದುಹೋಯ್ತು ಅಂದ್ರು. ಒಬ್ಬರೂ ಬೀಗ ಬದಲಾಯಿಸಿ ಅಂತ ಕೇಳ್ಲಿಲ್ಲ, ನಾನೂ ಬದಲಾಯಿಸ್ಲಿಲ್ಲ. ನೀವು ಬದಲಾಯಿಸ್ಕೊಳ್ಳಿ, ನನ್ನದೇನೂ ಅಭ್ಯಂತರ ಇಲ್ಲ."

ಡ್ರೈವರ್ ಫೋನ್ ಇಟ್ಟ. ಮೊದಲ ಸಲ ಅವನು ಬಾಗಿಲ ಕಡೆಗೆ ತಿರುಗಿ ಸರಿಯಾಗಿ ನೋಡಿದ. ಆ ಬೀಗದ ಕಿಂಡಿಯ ಆಚೆ ಗುರುತಿಲ್ಲದ ಎಷ್ಟೋ ಕೈಗಳು ಕಂಡಂತಾಯಿತು.

ಆದರೂ ಒಂದು ಕೊನೆಯ ಮಾತು ಉಳಿದಿತ್ತು. "ಅಲ್ಲಕ್ಕಾ, ಕಳ್ಳ ಮನಸ್ಸು ಮಾಡಿದ್ರೆ ಎಷ್ಟು ಬೀಗ ಹಾಕಿದ್ರೇನು? ಒಡೆದೇ ಒಡೀತಾನೆ."

"ನಿಮ್ಮ ಬಸ್ಸಿಗೆ ಎಷ್ಟು ಬ್ರೇಕು ಅಣ್ಣಾ?"

"ಕಾಲಲ್ಲಿ ಒಂದು, ಕೈಯಲ್ಲಿ ಒಂದು."

"ಒಂದೇ ಸಾಕಲ್ವಾ? ಇಳಿಜಾರಲ್ಲಿ ನಿಲ್ಸುವಾಗ ಹ್ಯಾಂಡ್ ಬ್ರೇಕ್ ಯಾಕೆ ಎಳೀತೀರಿ?"

ಡ್ರೈವರ್ ತಲೆ ಕೆರೆದುಕೊಂಡ. ಗುಬ್ಬಿಯ ಅಮ್ಮ ಬಹಳ ದಿನಗಳ ಮೇಲೆ ನಕ್ಕಳು.

"ಬೀಗ ಕಳ್ಳನ್ನ ಒಳ್ಳೇವನು ಮಾಡಲ್ಲ" ಎಂದರು ಬೀಗದಕ್ಕ. "ಅವನ ಹೊತ್ತು ತಿನ್ನುತ್ತೆ, ಅಷ್ಟೆ. ಒಂದು ಬೀಗಕ್ಕೆ ಒಂದು ನಿಮಿಷ. ಎರಡನೇದಕ್ಕೆ ಇನ್ನೂ ಐದು ನಿಮಿಷ, ಜೊತೆಗೆ ಸದ್ದು. ಅಪಾರ್ಟ್‌ಮೆಂಟಲ್ಲಿ ಮೆಟ್ಟಿಲ ಮೇಲೆ ಅಷ್ಟು ಹೊತ್ತು ನಿಂತು ಸದ್ದು ಮಾಡೋಕೆ ಯಾವನಿಗೂ ಧೈರ್ಯ ಬರಲ್ಲ. ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ. ನಾವು ಮೊದಲೇ ಹಾಕೋಣ."

ಅವರು ಚೌಕಟ್ಟಿನಲ್ಲಿ ಬೀಗದ ನಾಲಿಗೆ ಸೇರುವ ಕಡೆ ಇದ್ದ ತಗಡನ್ನು ಹಿಡಿದು ಎಳೆದರು. ಅದರ ಸ್ಕ್ರೂ ಒಂದು ಬೆರಳಿಗೇ ಕಿತ್ತು ಬಂತು. ಬೆರಳಿನ ಉಗುರಿನಷ್ಟು ಉದ್ದ. "ನೋಡಿ, ಬೀಗ ಎಷ್ಟು ಗಟ್ಟಿ ಇದ್ರೇನು? ಒಂದು ಒದೆಗೆ ಇದು ಹಾರಿಹೋಗ್ತಿತ್ತು." ಅಲ್ಲಿಗೆ ದಪ್ಪ ತಗಡು ಕೂರಿಸಿ, ಬೆರಳುದ್ದದ ಸ್ಕ್ರೂಗಳನ್ನು ಚೌಕಟ್ಟಿನ ಒಳಮರದ ತನಕ ಇಳಿಸಿದರು. ಹಳೆಯ ಬೀಗದಲ್ಲಿ ಕೀಲಿ ತಿರುಗುವ ಭಾಗವನ್ನು ಪೂರ್ತಿ ತೆಗೆದು ಹೊಸದನ್ನು ಹಾಕಿದರು. ಅದರಿಂದ ಒಂದು ಗೇಣು ಮೇಲೆ ಇನ್ನೊಂದು ಬೀಗ ಬಂತು. ಹೊರಗಿನಿಂದ ಅದಕ್ಕೆ ಬೇರೆಯೇ ಕೀಲಿ, ಒಳಗಿನಿಂದ ಕೈಯಲ್ಲಿ ತಿರುಗಿಸುವ ಗುಬಟು.

"ಒಳಗೂ ಕೀಲಿ ಇರೋ ಬೀಗ ಇನ್ನೂ ಭದ್ರ ಅಲ್ವಾ?" ಎಂದ ಡ್ರೈವರ್. ಈಗ ಅವನಿಗೂ ಹುರುಪು ಬಂದಿತ್ತು.

"ಬೇಡ ಅಣ್ಣಾ. ಒಳಗೆ ಬೆಂಕಿ ಬಿತ್ತು ಅನ್ಕೊಳ್ಳಿ. ಹೊಗೆಯಲ್ಲಿ ಮಗು ಕೀಲಿ ಹುಡುಕ್ತಾ ಕೂರ್ಬೇಕಾ? ಒಳಗಿಂದ ಬಾಗಿಲು ಯಾವಾಗ್ಲೂ ಕೀಲಿ ಇಲ್ದೆ, ಒಂದೇ ಕೈಯಲ್ಲಿ ತೆಗೆಯೋ ಹಾಗಿರ್ಬೇಕು. ಹೊರಗಿನೋರಿಗೆ ಕಷ್ಟ, ಒಳಗಿನೋರಿಗೆ ಸಲೀಸು. ಇಷ್ಟೇ ಲೆಕ್ಕ."

ಕೊನೆಗೆ ಒಂದು ಸರಪಳಿ ಮತ್ತು ಹೊರಗೆ ನೋಡುವ ಸಣ್ಣ ಕಣ್ಣುಕಿಂಡಿ. ಸಂಜೆ ಶಾಲೆಯಿಂದ ಬಂದ ಗುಬ್ಬಿಗೆ ಬೀಗದಕ್ಕ ತಾವೇ ಹತ್ತು ಸಲ ಬೀಗ ಹಾಕಿಸಿ, ತೆಗೆಸಿ ಕಲಿಸಿದರು. "ಒಳಗೆ ಬಂದ ತಕ್ಷಣ ಏನು ಮಾಡ್ತೀಯ?" "ಮೇಲಿನ ಬೀಗ, ಆಮೇಲೆ ಸರಪಳಿ." "ಯಾರಾದ್ರೂ ಬಾಗಿಲು ತಟ್ಟಿದ್ರೆ?" "ತೆಗೆಯಲ್ಲ. ನೋಡ್ತೀನಿ. ಅಮ್ಮಂಗೆ ಫೋನ್ ಮಾಡ್ತೀನಿ." "ನೀನು ಬರುವಾಗಲೇ ಬಾಗಿಲು ತೆರೆದಿದ್ರೆ?" "ಒಳಗೆ ಹೋಗಲ್ಲ. ಕೆಳಗೆ ವಾಚ್‌ಮನ್ ಮಾಮನ ಹತ್ರ ಓಡ್ತೀನಿ."

ಒಂದು ಶುಕ್ರವಾರ ಕಳೆಯಿತು. ಫೋಟೋ ನಿಂತಲ್ಲೇ ನಿಂತಿತ್ತು. ಆಕೆಗೆ ನಿರಾಳವಾಯಿತು.

ಎರಡನೇ ಶುಕ್ರವಾರ ಮಧ್ಯಾಹ್ನ, ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಆಕೆ ಗಾಜೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಫೋನ್ ಬಂತು. ಗುಬ್ಬಿ. ಯಾವಾಗಲೂ ಕೂಗಿ ಮಾತಾಡುವ ಮಗು ಪಿಸುಗುಟ್ಟುತ್ತಿತ್ತು.

"ಅಮ್ಮಾ, ಅಪ್ಪ ಬೇಗ ಬರ್ತೀನಿ ಅಂದಿದ್ರಾ?"

"ಇಲ್ಲ ಪುಟ್ಟಾ. ಯಾಕೆ?"

"ಯಾರೋ ಕೀಲಿ ಹಾಕ್ತಿದ್ದಾರೆ."

ಆಕೆ ಫೋನನ್ನು ಕಿವಿಗೆ ಒತ್ತಿದಳು. ಕೇಳಿಸಿತು. ಕೀಲಿ ಒಳಗೆ ಹೋಗುವ ಸದ್ದು. ತಿರುಗಲು ಒಲ್ಲದ ಸದ್ದು. ಹೊರಗೆ ತೆಗೆದ ಸದ್ದು. ಸ್ವಲ್ಪ ಹೊತ್ತು ನಿಶ್ಶಬ್ದ. ಮತ್ತೆ ಅದೇ. ಬಂದವನಿಗೆ ಅವಸರವೇ ಇರಲಿಲ್ಲ. ದಿನವೂ ಬರುವ ಮನೆಗೆ ಬಂದವನ ಹಾಗೆ ನಿಧಾನವಾಗಿ ತಿರುಗಿಸುತ್ತಿದ್ದ.

"ಮೇಲಿನ ಬೀಗ ಹಾಕಿದ್ಯಾ ಪುಟ್ಟಾ?"

"ಹಾಕಿದೀನಿ. ಸರಪಳೀನೂ."

"ಮಾತಾಡ್ಬೇಡ. ಸ್ಟೂಲ್ ಹತ್ತಿ ಮೆಲ್ಲಗೆ ಕಿಂಡೀಲಿ ನೋಡು. ಯಾರು?"

ಮಗುವಿನ ಉಸಿರಷ್ಟೇ ಕೇಳುತ್ತಿತ್ತು. ಆಮೇಲೆ ದನಿ:

"ಏನೂ ಕಾಣ್ತಿಲ್ಲಮ್ಮ. ಕಪ್ಪಗಿದೆ. ಹೊರಗಿಂದ ಯಾರೋ ಬೆರಳಿಟ್ಟು ಮುಚ್ಚಿದ್ದಾರೆ."

ಪಕ್ಕದ ಮೇಜಿನಲ್ಲಿ ಕೆಲಸ ಮಾಡುವವಳು ಮಾತು ಕೇಳಿಸಿಕೊಂಡು ಆಗಲೇ ಅಂಗಡಿಯ ಫೋನಿನಿಂದ ವಾಚ್‌ಮನ್ನಿಗೂ ಪೊಲೀಸರಿಗೂ ಕರೆ ಮಾಡಿದ್ದಳು. ಗುಬ್ಬಿಯ ಅಮ್ಮ ಬೀದಿಯಲ್ಲಿ ಓಡುತ್ತಿದ್ದಳು, ಫೋನ್ ಕಿವಿಯಲ್ಲೇ. "ಬಾಗಿಲಿಂದ ದೂರ ಹೋಗು, ನಾನು ಬಂದೆ, ನಾನು ಬಂದೆ" ಎನ್ನುತ್ತಲೇ ಇದ್ದಳು. ಬಾಗಿಲಿಗೆ ಒಂದು ಸಲ ಭುಜ ತಾಗಿದ ಸದ್ದು ಬಂತು. ಚೌಕಟ್ಟು ಅಲುಗಲಿಲ್ಲ. ಇನ್ನೊಂದು ಸಲ. ಆಮೇಲೆ ಏನೂ ಇಲ್ಲ.

"ಅಮ್ಮಾ, ಹೋದ್ರು ಅನ್ಸುತ್ತೆ" ಎಂದಳು ಗುಬ್ಬಿ. "ಚಪ್ಪಲಿ ಸದ್ದು ಕೆಳಗೆ ಹೋಯ್ತು."

ವಾಚ್‌ಮನ್ ಒಂದು ಕಡೆಯ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಇನ್ನೊಂದು ಕಡೆಯಿಂದ ಅವನು ಇಳಿದುಹೋಗಿದ್ದ. ಪೊಲೀಸರು ಬಂದು ಹೇಳಿಕೆ ಬರೆದುಕೊಂಡರು, ಬಾಗಿಲಿನ ಬೆರಳಚ್ಚು ತೆಗೆದುಕೊಂಡರು. ಗೇಟಿನ ಹತ್ತಿರದ ಅಂಗಡಿಯವನಿಗೆ ಒಬ್ಬ ಮನುಷ್ಯ ನೆನಪಿದ್ದ. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ಎಣ್ಣೆ ತಲೆ. "ಈ ಅಪಾರ್ಟ್‌ಮೆಂಟಿನವರೇ ಅನ್ಕೊಂಡಿದ್ದೆ. ಆಗಾಗ ನೋಡ್ತಿರ್ತೀನಿ" ಎಂದ. ಅವನು ಯಾರು, ಆ ಮನೆಯಲ್ಲಿ ಅವನಿಗೇನು ಬೇಕಿತ್ತು, ಗೊತ್ತಾಗಲಿಲ್ಲ. ಇಂದಿಗೂ ಗೊತ್ತಾಗಿಲ್ಲ.

ಸಂಜೆ ಡ್ರೈವರ್ ಬಂದವನೇ ಮಗಳನ್ನು ಎತ್ತಿ ಅಪ್ಪಿಕೊಂಡ. ಒಂಬತ್ತು ವರ್ಷದ ಮಗಳನ್ನು ಎಷ್ಟೋ ಹೊತ್ತು ಕೆಳಗಿಳಿಸಲೇ ಇಲ್ಲ. ಆಮೇಲೆ ಹೆಂಡತಿಗೆ ಹೇಳಿದ:

"ನೀನು ಮೊದಲ್ನೇ ದಿನವೇ ಹೇಳಿದ್ದೆ. ನಾನು ನಿನ್ನ ಕಣ್ಣಿಗೇ ದೂರು ಹೇಳ್ದೆ. ಆ ಬೀಗ ಹಾಕಿಸದೆ ಇದ್ದಿದ್ರೆ ಇವತ್ತು..."

"ಹೋಗ್ಲಿ ಬಿಡಿ ರೀ" ಎಂದಳು ಆಕೆ. "ಬೇರೆ ಮನೆಯವರಿಗಾದ್ರೂ ಹೇಳೋಣ."

ಅವನು ಆಗಲೇ ಎದ್ದ. ಒಂದೊಂದೇ ಮನೆಯ ಗಂಟೆ ಒತ್ತಿ ಒಂದೇ ಪ್ರಶ್ನೆ ಕೇಳಿದ: "ನಿಮ್ಮ ಬಾಗಿಲಿಗೆ ಎಷ್ಟು ಕೀಲಿ ಇವೆ? ಯಾರ್ಯಾರ ಹತ್ರ ಇವೆ?" ಹನ್ನೊಂದು ಮನೆಗಳಲ್ಲಿ ಒಬ್ಬರಿಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ಅದಾದ ಮೇಲೆ ಬೀಗದಕ್ಕನಿಗೆ ಆ ಅಪಾರ್ಟ್‌ಮೆಂಟಿನಲ್ಲಿ ಒಂದು ವಾರದ ಕೆಲಸ. ಮನೆಯವರೆಲ್ಲ ಸೇರಿ ಗೇಟಿನಲ್ಲಿ ಒಂದು ಪುಸ್ತಕ ಇಟ್ಟರು. ಮುಖ ಗೊತ್ತಿದ್ದರೂ ಸರಿ, ಹೊರಗಿನಿಂದ ಬಂದವರ ಹೆಸರು ಬರೆಸಿ, ಮನೆಯವರನ್ನು ಕೇಳಿಯೇ ಒಳಗೆ ಬಿಡಬೇಕು. ಅಜ್ಜಿಯ ಹೆಸರೂ ಅದರಲ್ಲಿದೆ. ಈಗ ಭಾನುವಾರಗಳಂದು ಮಗಳ ಕೈ ಹಿಡಿದು ಬರುತ್ತಾರೆ, ಗಂಟೆ ಒತ್ತುತ್ತಾರೆ, ಗಿಡಕ್ಕೆ ನೀರು ಹಾಕಿ ಹೋಗುತ್ತಾರೆ.

ಕೇಳಿದಿರಲ್ಲ, ಅಕ್ಕಂದಿರೇ, ಅಣ್ಣಂದಿರೇ. ನೀವು ಬಾಡಿಗೆ ಮನೆಗೆ ಹೋದರೂ ಸರಿ, ಸ್ವಂತ ಮನೆ ಕೊಂಡರೂ ಸರಿ, ಪಾತ್ರೆ ಇಳಿಸುವ ಮುಂಚೆ ಬೀಗ ಬದಲಾಯಿಸಿ. ಇರುವ ಬೀಗದ ಮೇಲೆ ಇನ್ನೊಂದು ಬೀಗ ಹಾಕಿಸಿ. ಒಳಗಿನಿಂದ ಅದು ಕೀಲಿಯಿಲ್ಲದೆ ತೆರೆಯುವಂತಿರಲಿ, ಮನೆಯ ಮಕ್ಕಳಿಗೂ ಹಿರಿಯರಿಗೂ ತೆರೆಯಲು ಬರಲಿ. ಚೌಕಟ್ಟಿನ ಸ್ಕ್ರೂ ಉದ್ದವಾಗಿದೆಯೇ ನೋಡಿಸಿ. ಚಪ್ಪಲಿಗೂಡು, ಮೀಟರ್ ಪೆಟ್ಟಿಗೆ, ಹೂಕುಂಡ, ಇವು ಕೀಲಿ ಇಡುವ ಜಾಗಗಳಲ್ಲ. ನಂಬಿಕೆಯ ನೆರೆಯವರ ಕೈಯಲ್ಲಿ ಕೊಡಿ. ಮನೆಯಲ್ಲಿ ಯಾರಾದರೂ "ಏನೋ ಸರಿಯಿಲ್ಲ" ಎಂದರೆ ನಗಬೇಡಿ, ಅವರ ಮಾತು ಕೇಳಿ. ಬಾಗಿಲು ತೆರೆದಿದ್ದರೆ ಒಳಗೆ ನುಗ್ಗಬೇಡಿ, ಹಿಂದಕ್ಕೆ ಬಂದು ಪೊಲೀಸರನ್ನು ಕರೆಯಿರಿ.

ಈಗಲೇ ಎದ್ದು ನಿಮ್ಮ ಬಾಗಿಲ ಮುಂದೆ ಹೋಗಿ ನಿಲ್ಲಿ. ಆ ಬೀಗಕ್ಕೆ ಎಷ್ಟು ಕೀಲಿ ಇವೆ ಎಂದು ನೆನಪು ಮಾಡಿಕೊಳ್ಳಿ. ಗೊತ್ತಿಲ್ಲದಿದ್ದರೆ, ಗೊತ್ತಿರುವವನು ಬೇರೆ ಯಾರೋ ಇದ್ದಾನೆ. ಅವನು ಬರುವ ಮೊದಲು ಬೀಗ ಬದಲಾಗಲಿ.